ಆ್ಯಪ್ ಕೇಳದೆ ಬಿಟ್ಟ ನಾಲ್ಕನೇ ಪ್ರಶ್ನೆ

ಹುಪರಿಯ ಬೆಳ್ಳಿಗೆಜ್ಜೆ ನಮ್ಮ ಕಡೆಯ ಸರಾಫರಿಗೆಲ್ಲ ಗೊತ್ತು. ಕೊಲ್ಹಾಪುರ ಜಿಲ್ಲೆಯ ಹಾತಕಣಂಗಲೆ ತಾಲ್ಲೂಕಿನ ಈ ಊರಿನಲ್ಲಿ ಬೆಳ್ಳಿ ಕೆಲಸ ನಡೆಯುವುದು ಬಹುಪಾಲು ಮನೆಗಳಲ್ಲೇ. ಒಂದು ಮನೆಯವರು ತಂತಿ ಎಳೆದರೆ ಇನ್ನೊಂದು ಮನೆಯವರು ಕೊಂಡಿ ಜೋಡಿಸುತ್ತಾರೆ, ಮತ್ತೊಂದು ಮನೆಯಲ್ಲಿ ಬೆಸುಗೆ, ಕೊನೆಗೆ ಪಾಲಿಶ್. ಊರಿನ ವ್ಯವಹಾರವೆಲ್ಲ ಮರಾಠಿಯಲ್ಲಿ. ಆದರೆ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಕರ್ನಾಟಕದ ನಿಪ್ಪಾಣಿ ತಾಲ್ಲೂಕು ಸಿಗುತ್ತದೆ. ಪಕ್ಕದ ಇಚಲಕರಂಜಿಯ ವಿದ್ಯುತ್ ಮಗ್ಗಗಳಲ್ಲಿ ದುಡಿಯಲು ಕರ್ನಾಟಕದಿಂದ ಬಂದು ನೆಲೆಸಿದವರಿದ್ದಾರೆ. ಗಡಹಿಂಗ್ಲಜ ಭಾಗದ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಆಡುವುದು ಕನ್ನಡವನ್ನೇ. ಹುಪರಿಯ ಸುತ್ತಿನ ಇಂಥ ಕನ್ನಡ ಮನೆಯ ಮಗು ಅವ್ವನ ಹತ್ತಿರ ಕನ್ನಡ, ಓಣಿಯಲ್ಲಿ ಎರಡೂ, ಶಾಲೆಯಲ್ಲಿ ಬರೀ ಮರಾಠಿ ಆಡುತ್ತ ಬೆಳೆಯುತ್ತದೆ. ಎರಡು ಭಾಷೆ ಬರುವುದು ದೊಡ್ಡ ಸಂಪತ್ತು, ಅದರಲ್ಲಿ ಎರಡು ಮಾತಿಲ್ಲ. ಕಷ್ಟವಿರುವುದು ಮೊದಲ ಮೂರ್ನಾಲ್ಕು ವರ್ಷಗಳಲ್ಲಿ. ಲೆಕ್ಕ ತಿಳಿಯಲಿಲ್ಲವೋ, ಲೆಕ್ಕ ಹೇಳಿದ ಭಾಷೆ ತಿಳಿಯಲಿಲ್ಲವೋ ಎಂಬುದನ್ನು ಆಗ ಮಗುವೂ ಹೇಳಲಾರದು, ಮೇಷ್ಟ್ರಿಗೂ ಗೊತ್ತಾಗುವುದಿಲ್ಲ.

ಮೊಬೈಲು ಬಂದರೆ ಈ ತೊಡಕು ಬಿಡಿಸಬಹುದು ಎಂಬ ಆಸೆ ನನಗೂ ಇದೆ. ಪ್ರತಿ ಮಗುವಿಗೂ ಅದರ ಮಟ್ಟಕ್ಕೆ ತಕ್ಕ ಪಾಠ ಎಂಬ ಮಾತನ್ನು ಈಗ ಎಲ್ಲ ಶೈಕ್ಷಣಿಕ ಆ್ಯಪ್‌ಗಳೂ ಹೇಳುತ್ತವೆ. ಸರ್ಕಾರದ್ದೇ ಆದ ದೀಕ್ಷಾ ವೇದಿಕೆ 2017ರ ಸೆಪ್ಟೆಂಬರ್ 5ರಂದು ಶುರುವಾಯಿತು. ಪಾಠ ತೋರಿಸಲು ಅದು ಬಳಸುವವರಿಂದ ಮುಖ್ಯವಾಗಿ ಕೇಳಿ ತಿಳಿಯುವುದು ಮೂರು ವಿಷಯ: ಯಾವ ಬೋರ್ಡು, ಯಾವ ಮಾಧ್ಯಮ, ಯಾವ ತರಗತಿ. ಈ ಮೂರಕ್ಕೂ ಉತ್ತರ ಶಾಲೆಯ ದಾಖಲಾತಿ ಪುಸ್ತಕದಲ್ಲೇ ಸಿಗುತ್ತದೆ. ‘ನಿಮ್ಮ ಮನ್ಯಾಗ ಏನ್ ಮಾತಾಡ್ತೀರಿ?’ ಎಂಬ ನಾಲ್ಕನೇ ಪ್ರಶ್ನೆ ಅಲ್ಲಿಲ್ಲ. ಹುಪರಿಯ ಮಗುವಿಗೆ ಬೇಕಾಗಿದ್ದದ್ದು ಮೊದಲು ಅದೇ.

ಆ ಪ್ರಶ್ನೆಯಿಂದಲೇ ಕೆಲಸ ಶುರುಮಾಡಿದ ಮೇಷ್ಟ್ರು ಇದೇ ಮಹಾರಾಷ್ಟ್ರದಲ್ಲಿದ್ದರು. ಸೋಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಗೆ ರಣಜಿತ್‌ಸಿಂಹ ಡಿಸಳೆ 2009ರಲ್ಲಿ ಬಂದಾಗ ಶಾಲೆಯ ಕಟ್ಟಡ ದನದ ಕೊಟ್ಟಿಗೆಗೂ ಗೋದಾಮಿಗೂ ನಡುವೆ ಇತ್ತಂತೆ. 2020ರ ಡಿಸೆಂಬರ್‌ನಲ್ಲಿ ಅವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಪ್ರಶಸ್ತಿ ಕೊಟ್ಟವರ ವಿವರಣೆಯಲ್ಲಿ ನಾವು ಕನ್ನಡಿಗರು ಎರಡೆರಡು ಸಲ ಓದಬೇಕಾದ ವಿಷಯವೊಂದಿದೆ. ಅಲ್ಲಿನ ಹೆಣ್ಣುಮಕ್ಕಳ ಮನೆಮಾತು ಕನ್ನಡ, ಪಠ್ಯ ಆ ಭಾಷೆಯಲ್ಲಿರಲಿಲ್ಲ. ಡಿಸಳೆ ತಾವೇ ಕನ್ನಡ ಕಲಿತರು, ಒಂದರಿಂದ ನಾಲ್ಕನೇ ತರಗತಿಯ ಪುಸ್ತಕಗಳನ್ನು ಮಕ್ಕಳ ಮನೆಮಾತಿಗೆ ತಂದರು, ಒಂದೊಂದು ಪಾಠಕ್ಕೂ ಕ್ಯೂಆರ್ ಕೋಡ್ ಅಂಟಿಸಿ ಅದರ ಹಿಂದೆ ಪದ್ಯದ ಧ್ವನಿ, ಪಾಠದ ವಿಡಿಯೊ, ಕತೆ, ಮನೆಗೆಲಸ ಇಟ್ಟರು. ಮಕ್ಕಳು ಹೇಗೆ ಸ್ಪಂದಿಸುತ್ತಾರೆಂದು ನೋಡಿಕೊಂಡು ಆ ಸಾಮಗ್ರಿಯನ್ನು ಬದಲಿಸುತ್ತ ಹೋದರು. ಹತ್ತು ಲಕ್ಷ ಡಾಲರ್ ಬಹುಮಾನದ ಅರ್ಧವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚುವುದಾಗಿ ಹೇಳಿದರು. ಹಣದ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಗಡಿಯಾಚೆಯ ಮಗುವಿಗಾಗಿ ಮರಾಠಿ ಮೇಷ್ಟ್ರೊಬ್ಬರು ಕನ್ನಡ ಕಲಿತ ಸುದ್ದಿ ಕನ್ನಡದಲ್ಲೇ ಸಣ್ಣದಾಗಿ ಹೋಯಿತು ಎಂಬ ನೋವು ನನಗಿದೆ.

ಕ್ಯೂಆರ್ ಕೋಡನ್ನು ಜಪಾನಿನ ಡೆನ್ಸೊ ವೇವ್ ಕಂಪನಿಯ ಮಸಾಹಿರೊ ಹಾರಾ ಮತ್ತು ಸಂಗಡಿಗರು 1994ರಲ್ಲಿ ರೂಪಿಸಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು. ಆ ಕಪ್ಪು ಬಿಳಿ ಚೌಕದಲ್ಲಿ ಮಾಹಿತಿಯನ್ನು ಕಾಯಲು ಹೆಚ್ಚುವರಿ ಗುರುತುಗಳಿರುತ್ತವೆ. ಅತಿ ಹೆಚ್ಚು ರಕ್ಷಣೆಯ ಮಟ್ಟದಲ್ಲಿ ಮುದ್ರಿಸಿದರೆ ಸುಮಾರು ಶೇ 30ರಷ್ಟು ಭಾಗ ಹಾಳಾದರೂ ಕ್ಯಾಮೆರಾ ಅದನ್ನು ಓದಬಲ್ಲದು. ಎಣ್ಣೆ ಕೈ ತಾಗಿದ, ಮೂಲೆ ಹರಿದ ಸರ್ಕಾರಿ ಪುಸ್ತಕಕ್ಕೆ ಇದಕ್ಕಿಂತ ಒಪ್ಪುವ ತಂತ್ರ ಇನ್ನೊಂದಿಲ್ಲ. ಅದಕ್ಕಿಂತ ಮುಖ್ಯವಾದ ಗುಣ ಬೇರೆ ಇದೆ. ಕಾಗದದ ಮೇಲಿನ ಗುರುತು ಹಾಗೇ ಇದ್ದರೂ ಅದರ ಹಿಂದೆ ತೆರೆಯುವ ಪಾಠವನ್ನು ನಾಳೆ ಬದಲಿಸಬಹುದು, ಒಂದಿದ್ದದ್ದನ್ನು ಎರಡು ಮಾಡಬಹುದು. ಹೊಸ ಪುಸ್ತಕ ಅಚ್ಚು ಹಾಕಿಸಬೇಕಾಗಿಲ್ಲ. ಮಹಾರಾಷ್ಟ್ರ ಸರ್ಕಾರ 2017ರಲ್ಲಿ ಪಠ್ಯಪುಸ್ತಕಗಳಿಗೆಲ್ಲ ಕೋಡ್ ತರುವ ನಿರ್ಧಾರ ಮಾಡಿತು. ಆದರೆ ಡಿಸಳೆ ಅವರ ಕೆಲಸದಲ್ಲಿ ರಾಜ್ಯವಿಡೀ ಹರಡಿದ್ದು ಕೋಡ್ ಮಾತ್ರ, ಮನೆಮಾತು ಪರಿತೇವಾಡಿಯಲ್ಲೇ ಉಳಿಯಿತು.

ಮಗುವಿನ ಮಟ್ಟಕ್ಕೆ ತಕ್ಕ ಪಾಠ ಎಂಬುದು ಬರೀ ಮಾರಾಟದ ಮಾತಲ್ಲ ಎಂಬುದಕ್ಕೆ ಪುರಾವೆ ಇದೆ. ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್, ಅಲೆಹಾಂಡ್ರೊ ಗಾನಿಮಿಯನ್ ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶವನ್ನು ಪರೀಕ್ಷಿಸಿ 2019ರಲ್ಲಿ ವರದಿ ಪ್ರಕಟಿಸಿದರು. ಶಾಲೆ ಬಿಟ್ಟ ಮೇಲಿನ ಕೇಂದ್ರಗಳಲ್ಲಿ ಮಗು 45 ನಿಮಿಷ ಕಂಪ್ಯೂಟರಿನ ಮುಂದೆ, 45 ನಿಮಿಷ ಸಣ್ಣ ಗುಂಪಿನಲ್ಲಿ ಸಹಾಯಕ ಶಿಕ್ಷಕರೊಂದಿಗೆ ಕಲಿಯುತ್ತಿತ್ತು. ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದರು. ತಂತ್ರಾಂಶ ಅವರಿಗೆ ಆರನೇ ತರಗತಿಯ ಲೆಕ್ಕ ಕೊಡದೆ ಅವರು ನಿಂತಲ್ಲಿಂದಲೇ ಶುರುಮಾಡಿತು. ನಾಲ್ಕೂವರೆ ತಿಂಗಳಲ್ಲಿ ಗಣಿತವೂ ಹಿಂದಿಯೂ ಎದ್ದು ಕಾಣುವಷ್ಟು ಸುಧಾರಿಸಿದವು. ಇದನ್ನು ಓದುವಾಗ ಎರಡು ಸಂಗತಿ ಮರೆಯಬಾರದು. ಪಕ್ಕದಲ್ಲಿ ಕಲಿಸುವವರೊಬ್ಬರು ಕುಳಿತಿದ್ದರು. ಪಾಠ ಮಕ್ಕಳಿಗೆ ಬಳಕೆಯಿದ್ದ ಹಿಂದಿಯಲ್ಲಿತ್ತು.

ಈಗ ಅಂಥದ್ದೇ ತಂತ್ರಾಂಶ ಮರಾಠಿಯಲ್ಲಿ ಹುಪರಿಗೆ ಬಂತೆನ್ನಿ. ಕನ್ನಡದಲ್ಲಿ ಕುರ್ಚಿ ಮುರೀತು, ಪಂಖಾ ಮುರೀತು, ಮನೆ ಬಿತ್ತು. ಎಲ್ಲವೂ ನಪುಂಸಕಲಿಂಗ, ಕ್ರಿಯಾಪದದ ಕೊನೆ ಒಂದೇ ಬಗೆ. ಮರಾಠಿಯಲ್ಲಿ ಖುರ್ಚಿ ‘ಮೋಡಲೀ’, ಪಂಖಾ ‘ಮೋಡಲಾ’, ಘರ ‘ಪಡಲಂ’. ಕುರ್ಚಿ ಹೆಣ್ಣು, ಪಂಖಾ ಗಂಡು, ಮನೆ ನಪುಂಸಕ. ಕನ್ನಡದ ಮನೆಯಿಂದ ಬಂದ ಮಗು ಇಲ್ಲಿ ಎಡವುವುದು ಸಹಜ. ಮರಾಠಿಯ ‘ಚಮಚಾ’ದಲ್ಲಿ ಚಕಾರ ‘ತ್ಸ’ ಎಂದು ಕೇಳಿಸುತ್ತದೆ, ಮಗು ನಮ್ಮ ಚಕಾರವನ್ನೇ ಹೇಳುತ್ತದೆ. ಓದಿಸಿ ಕೇಳುವ ಆ್ಯಪ್ ಆದರೆ ಅದನ್ನು ತಪ್ಪೆಂದು ಕೆಂಪು ಗೆರೆ ಎಳೆದು ಅದೇ ಪಾಠವನ್ನು ಮತ್ತೆ ಮುಂದಿಡುತ್ತದೆ. ಹತ್ತು ಸಲ ಮುಂದಿಟ್ಟರೂ ಕಾರಣ ಅದಕ್ಕೆ ತಿಳಿಯುವುದಿಲ್ಲ, ಮಗು ಮಾತ್ರ ‘ನನಗೆ ಓದು ಬರೂದಿಲ್ಲ’ ಎಂದು ನಂಬಿಬಿಡುತ್ತದೆ. ಮನೆಮಾತು ಕನ್ನಡ ಎಂದು ಗೊತ್ತಿದ್ದ ಆ್ಯಪ್ ಆಗಿದ್ದರೆ ಬೇರೆ ದಾರಿ ಹಿಡಿಯುತ್ತಿತ್ತು: ಒಂದು ನಿಮಿಷ ಕನ್ನಡದಲ್ಲೇ ‘ಮರಾಠಿಯೊಳಗ ಕುರ್ಚಿನೂ ಹೆಣ್ಣು ನೋಡವ್ವಾ’ ಎಂದು ಹೇಳಿ ಮುಂದೆ ಹೋಗುತ್ತಿತ್ತು. ಎಲ್ಲಿ ಎಡವುತ್ತದೆ ಎಂಬುದರ ಜೊತೆ ಯಾಕೆ ಎಡವುತ್ತದೆ ಎಂದೂ ತಿಳಿದರೆ ಮಾತ್ರ ಅದು ಆ ಮಗುವಿನ ಪಾಠ. ಅಕ್ಷರದ ವಿಷಯದಲ್ಲಿ ನಮ್ಮ ಅದೃಷ್ಟ ದೊಡ್ಡದು. ಕನ್ನಡಕ್ಕೂ ದೇವನಾಗರಿಗೂ ವರ್ಣಮಾಲೆಯ ಕ್ರಮ ಬಹುತೇಕ ಒಂದೇ. ಒಂದನ್ನು ಕಲಿತ ಮಗುವಿಗೆ ಇನ್ನೊಂದು ಅರ್ಧ ಕಲಿತಂತೆಯೇ. ಇದನ್ನು ಬಳಸಿಕೊಳ್ಳುವ ಆ್ಯಪ್ ನನ್ನ ಕಣ್ಣಿಗೆ ಬಿದ್ದಿಲ್ಲ.

ಆ್ಯಪ್ ರೂಪಿಸುವವರು ಹುಪರಿಯ ಬೆಳ್ಳಿ ಕೆಲಸದ ಮನೆಯೊಳಗೂ ಒಮ್ಮೆ ಕೂತು ನೋಡಬೇಕು. ಕೊಂಡಿ ಜೋಡಿಸುವ ತಾಯಿಯ ಕಣ್ಣು, ಕೈ ಎರಡೂ ಕೆಲಸದಲ್ಲಿರುತ್ತವೆ, ಕಿವಿ ಮಾತ್ರ ಬಿಡುವಾಗಿರುತ್ತದೆ. ವಿಡಿಯೊ ಪಾಠ ಆಕೆಗೆ ದಕ್ಕುವುದಿಲ್ಲ. ಕನ್ನಡದ ಧ್ವನಿಪಾಠವಾದರೆ ಮಗುವಿನ ಜೊತೆ ಆಕೆಯೂ ಕೇಳಿ ‘ಏನಂದ ಈಗ, ಹೇಳು’ ಎಂದು ಕೇಳಬಲ್ಲಳು. ಧ್ವನಿಯ ಕಡತಕ್ಕೆ ಡೇಟಾ ಕಡಿಮೆ ಸಾಕು, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಫೋನು ಮನೆಗೆ ಒಂದೇ ಆಗಿದ್ದರೆ ಅದು ಅಪ್ಪನ ಜೊತೆ ಹೊರಗಿರುತ್ತದೆ, ಆದ್ದರಿಂದ ರಾತ್ರಿ ಊಟದ ನಂತರದ ಹತ್ತು ನಿಮಿಷಕ್ಕೆ ಹೊಂದುವ ಪಾಠ ಬೇಕು, ಅಕ್ಕ ತಮ್ಮ ಇಬ್ಬರ ಲೆಕ್ಕವನ್ನೂ ಬೇರೆ ಬೇರೆ ಇಡಬೇಕು. ಫೋನು ಸಿಕ್ಕ ಮಾತ್ರಕ್ಕೆ ಓದು ನಡೆಯುತ್ತದೆಂಬ ನಂಬಿಕೆಯಂತೂ ಬೇಡ. ಅಸರ್ ಎಂಬ ಶಿಕ್ಷಣ ಸಮೀಕ್ಷೆಯ 2024ರ ವರದಿ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನವರಲ್ಲಿ ಶೇ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಓದಿಗಾಗಿ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76.

ಮಗುವಿನ ತಪ್ಪುಗಳನ್ನೆಲ್ಲ ದಾಖಲಿಸುವ ಆ್ಯಪ್‌ಗೆ ಹೊಣೆಯೂ ಇರಬೇಕು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಪಡೆಯುವ ಹಕ್ಕನ್ನೂ ಕೊಡುತ್ತದೆ. ಹುಪರಿಯ ತಾಯಿಗೆ ಅದು ಕನ್ನಡದಲ್ಲೇ ಸಿಗಬೇಕು.

ಇದು ಮಹಾರಾಷ್ಟ್ರದ ಮೇಲಿನ ದೂರು ಎಂದು ಯಾರೂ ತಿಳಿಯಬೇಡಿ. ಖಾನಾಪುರ, ನಿಪ್ಪಾಣಿ ಕಡೆ ಮರಾಠಿ ಮನೆಯಿಂದ ಕನ್ನಡ ಶಾಲೆಗೆ ಬರುವ ಮಗುವಿದೆ, ತಾಂಡಾದಿಂದ ಬರುವ ಲಂಬಾಣಿ ಮಗುವಿದೆ. ಅವರ ಮನೆಮಾತನ್ನು ನಮ್ಮ ಆ್ಯಪ್‌ಗಳೂ ಕೇಳುವುದಿಲ್ಲ. ಮನೆಮಾತು ಮತ್ತು ಮಾಧ್ಯಮ ಬೇರೆಯಾದ ಮಕ್ಕಳಿಗೆ ದ್ವಿಭಾಷಾ ಸಾಮಗ್ರಿ ಬಳಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿ ಇಟ್ಟಿದೆ. ಎರಡು ಸರ್ಕಾರಗಳೂ ಗಡಿಯ ವಿಷಯದಲ್ಲಿ ಕೋರ್ಟಿಗೆ ಹೋಗುವಷ್ಟು ಉತ್ಸಾಹವನ್ನು ಗಡಿಯ ಮಗುವಿನ ಪಾಠದಲ್ಲಿ ತೋರಿದ್ದನ್ನು ನಾನು ಕಂಡಿಲ್ಲ, ಅದು ನನ್ನನ್ನು ಸಿಟ್ಟಿಗೆಬ್ಬಿಸುತ್ತದೆ.

ಮಾಡಬೇಕಾದ ಕೆಲಸ ಬೆಟ್ಟದಷ್ಟಿಲ್ಲ. ಪುಣೆಯಲ್ಲಿ 1967ರಲ್ಲಿ ಸ್ಥಾಪನೆಯಾದ ಬಾಲಭಾರತಿ ಸಂಸ್ಥೆ ಮರಾಠಿಯ ಜೊತೆ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನೂ ಪ್ರಕಟಿಸುತ್ತದೆ. ಗಣಿತದ ಪಾಠ ಎರಡರಲ್ಲೂ ಒಂದೇ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಮಕ್ಕಳು ಓದುವ ಆ ಕನ್ನಡ ಪಾಠ ಹುಪರಿಯ ಮರಾಠಿ ಶಾಲೆಯ ಕನ್ನಡದ ಮಗುವಿಗೆ ತಲುಪಬೇಕಾದರೆ ಮರಾಠಿ ಪುಸ್ತಕದ ಕೋಡಿನ ಹಿಂದೆ ಇನ್ನೊಂದು ಗುಂಡಿ ಬೇಕು, ಅಷ್ಟೆ. ಅನುವಾದ ಆಗಿದೆ, ಅಚ್ಚು ಆಗಿದೆ. ಓದಿ ಧ್ವನಿಮುದ್ರಿಸಲು ಅಲ್ಲಿನ ಕನ್ನಡ ಮೇಷ್ಟ್ರು, ಅಕ್ಕೋರು ಇದ್ದಾರೆ, ಈ ಸೀಮೆಯ ಕನ್ನಡದ ರಾಗವೂ ಅವರ ಬಾಯಲ್ಲಿದೆ. ಮೂರನೇ ತರಗತಿಯ ಭಾಗಾಕಾರದಿಂದ, ಅದರಲ್ಲೂ ಮಾತಿನಲ್ಲಿ ಕೊಡುವ ಲೆಕ್ಕಗಳಿಂದ ಶುರುಮಾಡಲಿ. ಮನೆಮಾತು ಬೇರೆಯಾದ ಮಗುವಿಗೆ ಅಂಕಿಗಿಂತ ಮೊದಲು ತೊಡಕಾಗುವುದು ಆ ಮಾತು. ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಅಷ್ಟಾದರೂ ಸಿದ್ಧವಾಗಿರಲಿ.