ಪಾಪುವಿಗೊಂದು ನೂಲಿನ ಕುಲಾವಿ

ಮಕ್ಕಳೇ, ಬ್ರಹ್ಮಾವರದಿಂದ ಬೈಂದೂರಿನವರೆಗೆ ನಮ್ಮೂರಲ್ಲಿ ಎಷ್ಟು ಬಗೆಯ ಟೊಪ್ಪಿಗಳಿವೆ, ಎಣಿಸಿದ್ದೀರಾ? ತೋಟದ ಕೆಲಸಕ್ಕೆ ಅಡಿಕೆ ಹಾಳೆಯ ಮುಟ್ಟಾಳೆ. ಮಳೆಯಲ್ಲಿ ನಟ್ಟಿ ನೆಡುವಾಗ ತಲೆ, ಬೆನ್ನು ಎರಡನ್ನೂ ಮುಚ್ಚುವ ಗೊರಬು. ತೊಟ್ಟಿಲ ಪಾಪುವಿಗೆ ಕುಲಾವಿ. ಈ ವಾರ ಕುಲಾವಿಯನ್ನೇ ಹೆಣೆಯೋಣ.

ಇದು ಇಬ್ಬರು ಸೇರಿ ಮಾಡುವ ಕೆಲಸ. ಅಮ್ಮಮ್ಮನ ಬೆರಳಿಗೆ ಹೆಣಿಗೆ ಗೊತ್ತು, ಆದರೆ ಸಣ್ಣ ಕಣ್ಣುಗಳನ್ನು ಎಣಿಸಲು ಅವರಿಗೆ ಕಷ್ಟ. ನಿಮ್ಮ ಕಣ್ಣು ಚುರುಕು, ಬೆರಳು ಹೊಸದು. ಹೆಣಿಗೆ ಅವರು ಕಲಿಸಲಿ, ಲೆಕ್ಕ ನೀವಿಡಿ. ‘ಇದು ಹುಡುಗಿಯರ ಕೆಲಸ’ ಎನ್ನುವ ಹುಡುಗರು ಗಂಗೊಳ್ಳಿಯ ಬಂದರಿಗೆ ಹೋಗಿ, ಬಲೆ ಸರಿಮಾಡುವ ಗಂಡಸರ ಕೈ ನೋಡಿ ಬನ್ನಿ. ಬಲೆಯಲ್ಲಿ ಗಂಟು, ಇಲ್ಲಿ ಕುಣಿಕೆ. ಗಂಟು ಬಿಚ್ಚುವುದು ಕಷ್ಟ. ಕುಣಿಕೆ ಎಳೆದರೆ ಸಾಕು, ಬಿಚ್ಚಿಕೊಳ್ಳುತ್ತದೆ. ಹಾಗಾಗಿ ತಪ್ಪಿದರೆ ನೂಲು ಹಾಳಾಗುವುದಿಲ್ಲ, ಬಿಚ್ಚಿ ಮತ್ತೆ ಹೆಣೆಯಬಹುದು.

ಬೇಕಾದದ್ದು: ಸ್ವಲ್ಪ ದಪ್ಪನೆಯ ಮೆತ್ತನೆ ಹತ್ತಿ ನೂಲು, 4 ಮಿ.ಮೀ. ಕ್ರೋಶಾ ಕಡ್ಡಿ, ದೊಡ್ಡ ಕಣ್ಣಿನ ಸೂಜಿ, ಕತ್ತರಿ. ನಮ್ಮ ಕರಾವಳಿಯ ಸೆಕೆಗೆ ಉಣ್ಣೆ ಬೇಡ, ಪಾಪು ಬೆವರುತ್ತದೆ.

ಮೊದಲು ಎರಡು ಪಾಠ. ಕಡ್ಡಿಯ ಮೇಲಿನ ಕುಣಿಕೆಯೊಳಗಿಂದ ನೂಲನ್ನು ಎಳೆದರೆ ಒಂದು ಚೈನು. ಇನ್ನು ಕಂಬ: ಕಡ್ಡಿಗೆ ನೂಲನ್ನು ಒಮ್ಮೆ ಸುತ್ತಿ, ಕಣ್ಣಿನೊಳಗೆ ತೂರಿಸಿ, ನೂಲನ್ನು ಈಚೆಗೆ ಎಳೆಯಿರಿ. ಕಡ್ಡಿಯ ಮೇಲೆ ಮೂರು ಕುಣಿಕೆ ಇರುತ್ತವೆ. ಮತ್ತೆ ನೂಲು ಸುತ್ತಿ ಎರಡರೊಳಗಿಂದ ಎಳೆಯಿರಿ. ಇನ್ನೊಮ್ಮೆ ಸುತ್ತಿ ಉಳಿದ ಎರಡರೊಳಗಿಂದ ಎಳೆಯಿರಿ. ಒಂದು ಕಂಬ ನಿಂತಿತು.

ಈಗ ಕುಲಾವಿ. ನಾಲ್ಕು ಚೈನು ಹಾಕಿ, ಕೊನೆಯದನ್ನು ಮೊದಲನೆಯದಕ್ಕೆ ಕೂಡಿಸಿ ಉಂಗುರ ಮಾಡಿ. ಪ್ರತಿ ಸುತ್ತಿನ ಆರಂಭದಲ್ಲಿ ಮೂರು ಚೈನು ಹಾಕಿ, ಅದೇ ಮೊದಲ ಕಂಬವೆಂದು ಲೆಕ್ಕ. ಸುತ್ತು ಮುಗಿದಾಗ ಅದರ ತಲೆಗೆ ಕೂಡಿಸಿ.

1ನೇ ಸುತ್ತು: ಉಂಗುರದೊಳಗೆ ಒಟ್ಟು 12 ಕಂಬ.
2ನೇ ಸುತ್ತು: ಪ್ರತಿ ಕಂಬದ ಮೇಲೂ ಎರಡೆರಡು. ಒಟ್ಟು 24.
3ನೇ ಸುತ್ತು: ಒಂದರ ಮೇಲೆ ಒಂದು, ಮುಂದಿನದರ ಮೇಲೆ ಎರಡು. ಒಟ್ಟು 36.
4ನೇ ಸುತ್ತು: ಎರಡರ ಮೇಲೆ ಒಂದೊಂದು, ಮೂರನೆಯದರ ಮೇಲೆ ಎರಡು. ಒಟ್ಟು 48.

ಗಮನಿಸಿದಿರಾ? ಪ್ರತಿ ಸುತ್ತಿಗೂ 12 ಹೆಚ್ಚುತ್ತಿದೆ. ಹೆಣೆದದ್ದನ್ನು ಮೇಜಿನ ಮೇಲೆ ಇಟ್ಟು ನೋಡಿ. ಹಪ್ಪಳದಂತೆ ಚಪ್ಪಟೆಯಾಗಿ ಕೂತರೆ ಲೆಕ್ಕ ಸರಿ. ಗೆರಟೆಯಂತೆ ಗುಳಿಬಿದ್ದರೆ ಕಂಬ ಕಡಿಮೆಯಾಗಿದೆ. ಅಂಚು ನೆರಿಗೆ ನೆರಿಗೆಯಾದರೆ ಹೆಚ್ಚಾಗಿದೆ. ಆ ಸುತ್ತನ್ನು ಬಿಚ್ಚಿ ಮತ್ತೆ ಎಣಿಸಿ.

ನೆರಿಗೆಯಾದದ್ದೆಲ್ಲ ತಪ್ಪು ಎನ್ನುವಂತಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡೈನಾ ಟೈಮಿನಾ ಎಂಬ ಗಣಿತಜ್ಞೆ 1997ರಲ್ಲಿ ಬೇಕೆಂದೇ ಕಣ್ಣುಗಳನ್ನು ಹೆಚ್ಚಿಸುತ್ತಾ ನೆರಿಗೆ ನೆರಿಗೆಯಾಗಿ ಹೆಣೆದರು. ಕಾಗದದ ಮೇಲೆ ತೋರಿಸಲು ಕಷ್ಟವಾದ ಒಂದು ಬಗೆಯ ಜ್ಯಾಮಿತಿಯನ್ನು ಅವರ ವಿದ್ಯಾರ್ಥಿಗಳು ಕೈಯಲ್ಲೇ ಹಿಡಿದು ಕಲಿತರು. ಅಮ್ಮಮ್ಮನ ಕಡ್ಡಿಯೊಳಗೆ ಎಂಥ ಗಣಿತ ಇದೆ ನೋಡಿ!

ಚಪ್ಪಟೆ ಬಿಲ್ಲೆ ಎಷ್ಟು ದೊಡ್ಡದಾಗಬೇಕು? ಪಾಪುವಿನ ತಲೆಯ ಸುತ್ತಳತೆ 36 ಸೆಂ.ಮೀ. ಎಂದುಕೊಳ್ಳಿ. ಮೂರರಿಂದ ಭಾಗಿಸಿದರೆ 12. ಹೆಣಿಗೆ ಎಳೆದರೆ ಹಿಗ್ಗುವುದರಿಂದ ಒಂದು ಕಳೆಯಿರಿ. ಬಿಲ್ಲೆಯ ಅಡ್ಡಗಲ ಸುಮಾರು 11 ಸೆಂ.ಮೀ. ಆದಾಗ ಹೆಚ್ಚಿಸುವುದನ್ನು ನಿಲ್ಲಿಸಿ. ನಿಮಗೇ ಬೇಕಿದ್ದರೆ ನಿಮ್ಮ ತಲೆ ಅಳೆದು ಇದೇ ಲೆಕ್ಕ ಮಾಡಿ, ಸುತ್ತುಗಳು ಹೆಚ್ಚುತ್ತವೆ ಅಷ್ಟೆ.

ಮುಂದೆ ಒಂದರ ಮೇಲೆ ಒಂದೇ ಕಂಬ. ಅಂಚು ತಾನಾಗಿ ಕೆಳಗೆ ಬಾಗಿ ಗೋಡೆ ಏಳುತ್ತದೆ. ಪಾಪುವಿಗೆ ಆರೇಳು ಸುತ್ತು ಸಾಕು. ಕೊನೆಗೆ ನೂಲನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ಕುಣಿಕೆಯೊಳಗಿಂದ ಪೂರ್ತಿ ಎಳೆದು, ತುದಿಯನ್ನು ಒಳಬದಿಯಲ್ಲಿ ಸೂಜಿಯಿಂದ ಚೆನ್ನಾಗಿ ಸೇರಿಸಿಬಿಡಿ. ಸಡಿಲ ಎಳೆ ಉಳಿದರೆ ಪಾಪುವಿನ ಬೆರಳಿಗೆ ಸುತ್ತಿಕೊಳ್ಳಬಹುದು. ಕಟ್ಟುವ ದಾರ, ಮಣಿ, ಗುಂಡಿ ಯಾವುದೂ ಬೇಡ. ಒಗೆದು ಒಣಗಿಸಿಯೇ ತೊಡಿಸಿ. ಪಾಪು ನಿದ್ದೆಹೋದಾಗ ಕುಲಾವಿ ತೆಗೆದಿಡಲು ಅಮ್ಮನಿಗೆ ಹೇಳಿ. ತಲೆ ಮುಚ್ಚಿದ್ದರೆ ಮೈ ವಿಪರೀತ ಬಿಸಿಯಾಗುತ್ತದೆ, ಜಾರಿದರೆ ಮೂಗು ಮುಚ್ಚುತ್ತದೆ.

ಅಜ್ಜಿಯಂದಿರಲ್ಲಿ ಒಂದು ಮಾತು. ಮಗುವಿನ ಕೈಯಿಂದ ಕಡ್ಡಿ ಕಸಿದುಕೊಂಡು ನೀವೇ ಮುಗಿಸಿಬಿಡಬೇಡಿ. ಸ್ವೆಟರ್ ಹೆಣೆಯಲು ಯಂತ್ರ ಬಂದಿದೆ, ಆದರೆ ಕ್ರೋಶಾ ಇಂದಿಗೂ ಕೈಯಿಂದ ಕೈಗೇ ಬರಬೇಕು. ಮೊದಲ ದಿನ 12 ಕಂಬ ನಿಂತರೂ ಸಾಕು. ಉಳಿದದ್ದು ನಾಳೆಗೆ.