ಕಾಗದ ಯಾವ ಮೇಜಿನಲ್ಲಿ ನಿಂತಿದೆ?

ಮಕ್ಕಳೇ, ನಾನು ಬ್ಯಾಂಕಿನಲ್ಲಿದ್ದ ಕಾಲದಲ್ಲಿ ಚೆಕ್ಕು ತಂದವರಿಗೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದೆವು. ಚೆಕ್ಕು ಗುಮಾಸ್ತರ ಲೆಡ್ಜರಿನಿಂದ ಅಧಿಕಾರಿಯ ಮೇಜಿಗೆ, ಅಲ್ಲಿಂದ ಕ್ಯಾಷಿಯರ್ ಬಳಿಗೆ ಹೋಗುತ್ತಿತ್ತು. ಹಣ ತಡವಾದರೆ ಅದು ಯಾವ ಮೇಜಿನಲ್ಲಿ ನಿಂತಿದೆ ಎಂದು ಮೊದಲು ಹುಡುಕುತ್ತಿದ್ದೆವು.

ಮನೆಯ ವೈಫೈ ಪ್ರಿಂಟರಿಗೂ ಇದೇ ಲೆಕ್ಕ. ಲಿನಕ್ಸ್ ಕಂಪ್ಯೂಟರಿನಲ್ಲಿ ‘ಕಪ್ಸ್’ ಎಂಬ ತಂತ್ರಾಂಶವೇ ಗುಮಾಸ್ತ. ಮೈಕೆಲ್ ಸ್ವೀಟ್ ಎಂಬವರು 1997ರಲ್ಲಿ ಅದನ್ನು ಬರೆಯತೊಡಗಿದರು. ನಾವು ಕೊಟ್ಟ ಕಾಗದಗಳನ್ನು ಸಾಲಿನಲ್ಲಿಟ್ಟು ಒಂದೊಂದಾಗಿ ಪ್ರಿಂಟರಿಗೆ ಕಳಿಸುವುದು ಅದರ ಕೆಲಸ.

ಕಳೆದ ತಿಂಗಳು ಮೊಮ್ಮಗಳ ಪರೀಕ್ಷೆಯ ಹಾಲ್ ಟಿಕೆಟ್ ಅಚ್ಚಾಗಲಿಲ್ಲ. ರಾತ್ರಿ ಒಂಬತ್ತಾಗಿತ್ತು, ಜೆರಾಕ್ಸ್ ಅಂಗಡಿ ಮುಚ್ಚಿತ್ತು, ಬೆಳಗಾದರೆ ಪರೀಕ್ಷೆ. “ತಾತ, ಪ್ರಿಂಟರ್ ಕೆಟ್ಟುಹೋಗಿದೆ” ಎಂದು ಅಳುಮುಖ ಮಾಡಿದಳು. ಅಷ್ಟರಲ್ಲಿ ಆರು ಸಲ ಪ್ರಿಂಟ್ ಒತ್ತಿದ್ದಳು! ಇಬ್ಬರೂ ಕೂತು ಮೇಜು ಮೇಜು ಹುಡುಕಿದೆವು.

ಮೊದಲನೆಯದು ಪ್ರಿಂಟರ್. ಅದರ ಫಲಕದಿಂದಲೇ ವರದಿ ಪುಟ ತೆಗೆದೆವು. ಚೆನ್ನಾಗಿ ಬಂತು. ಅಂದರೆ ಶಾಯಿ, ಕಾಗದ, ಯಂತ್ರ ಎಲ್ಲ ಸರಿ. ಅದರ ವೈಫೈ ವಿಳಾಸವೂ ಆ ಪುಟದಲ್ಲಿತ್ತು: ಚುಕ್ಕಿಗಳ ನಡುವೆ ನಾಲ್ಕು ಸಂಖ್ಯೆ.

ಎರಡನೆಯದು ಗುಮಾಸ್ತ. ಬ್ರೌಸರಿನ ವಿಳಾಸದ ಪಟ್ಟಿಯಲ್ಲಿ ‘ಲೋಕಲ್‌ಹೋಸ್ಟ್’ ಎಂದು ಇಂಗ್ಲಿಷಿನಲ್ಲಿ ಟೈಪಿಸಿ, ಕೋಲನ್ ಹಾಕಿ, 631 ಎಂದು ಬರೆದರೆ ಕಪ್ಸ್‌ನ ಪುಟ ತೆರೆಯುತ್ತದೆ. ಆರೂ ಹಾಲ್ ಟಿಕೆಟ್ ಅಲ್ಲಿಯೇ ಸಾಲುಗಟ್ಟಿದ್ದವು. ಪ್ರಿಂಟರಿನ ಹೆಸರಿನ ಮುಂದೆ ‘ಪಾಸ್ಡ್’, ಅಂದರೆ ತಡೆಹಿಡಿದಿದೆ ಎಂದಿತ್ತು.

ಮೂರನೆಯದು ವಿಳಾಸ. ಕಪ್ಸ್ ಬಳಿ ಇದ್ದದ್ದೇ ಬೇರೆ, ವರದಿ ಪುಟದಲ್ಲಿದ್ದದ್ದೇ ಬೇರೆ. ಸಂಜೆ ಕರೆಂಟು ಹೋಗಿ ಬಂದಾಗ ರೌಟರ್ ಪ್ರಿಂಟರಿಗೆ ಹೊಸ ವಿಳಾಸ ಕೊಟ್ಟಿತ್ತು. ಗುಮಾಸ್ತ ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಿದ್ದ!

ಹೊಸ ವಿಳಾಸ ತುಂಬಿದೆವು. ಐದು ಪ್ರತಿಗಳನ್ನು ಸಾಲಿನಿಂದ ತೆಗೆದೆವು. ಆಮೇಲೆ ‘ರೆಸ್ಯೂಮ್ ಪ್ರಿಂಟರ್’ ಒತ್ತಿದಾಗ ಒಂದೇ ಒಂದು ಹಾಲ್ ಟಿಕೆಟ್ ಹೊರಬಂತು. ಖರ್ಚು ಎರಡು ಹಾಳೆ.

ಅಜ್ಜ ಅಜ್ಜಿಯರೇ, ಪಿಂಚಣಿ ದುಡ್ಡಿನಲ್ಲಿ ಹೊಸ ಪ್ರಿಂಟರ್ ಕೊಳ್ಳುವ ಮುಂಚೆ ಮೊಮ್ಮಕ್ಕಳೊಂದಿಗೆ ಈ ಮೂರು ಮೇಜು ನೋಡಿ. ಪ್ರಿಂಟರಿಗೆ ಸದಾ ಒಂದೇ ವಿಳಾಸ ಕೊಡುವಂತೆ ರೌಟರಿನಲ್ಲಿ ಕಾಯ್ದಿರಿಸಬಹುದು. ಮಕ್ಕಳೇ, ಅದನ್ನು ಮನೆಯ ಹಿರಿಯರನ್ನು ಕೇಳಿಯೇ ಮಾಡಿ. ಆ ನಾಲ್ಕು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಪ್ರಿಂಟರಿನ ಪಕ್ಕಕ್ಕೆ ಅಂಟಿಸಿ.