ಮುಷ್ಟಿಯುದ್ಧವೂ ಪಂಚರ ಮೌನವೂ

ಗರಡಿಯ ಕುಸ್ತಿಯನ್ನು ಕಂಡ ನಮ್ಮ ವಾಚಕರಿಗೆ ಸೋಲುಗೆಲುವುಗಳ ವಿಷಯದಲ್ಲಿ ಸಂಶಯವು ಹುಟ್ಟುವದು ಅಪರೂಪ. ಪೈಲವಾನನ ಬೆನ್ನು ಮಣ್ಣಿಗೆ ಹತ್ತಿತೆಂದರೆ ಅವನು ಸೋತನು. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ಜರಗುವ ಜಟ್ಟಿಗಳ ವಜ್ರಮುಷ್ಟಿ ಕಾಳಗವು ಒಬ್ಬನ ತಲೆಯಿಂದ ರಕ್ತ ಹೊರಟ ಕೂಡಲೆ ನಿಂತುಹೋಗುತ್ತದೆ. ಪಂಚರು ಕಂಡದ್ದನ್ನೇ ಕಣದ ಸುತ್ತ ನೆರೆದ ಜನವೂ ಕಂಡಿರುತ್ತದೆ. ಆದುದರಿಂದ ತೀರ್ಪಿಗೆ ಬೇರೆ ಸಾಕ್ಷಿ ಬೇಕಾಗುವದಿಲ್ಲ.

ಒಲಿಂಪಿಕ್ ಕೂಟದ ಮುಷ್ಟಿಯುದ್ಧದ ಸ್ಥಿತಿಯು ಹೀಗಿಲ್ಲ. ಕೆಳಗೆ ಬಿದ್ದವನು ಹತ್ತು ಎಣಿಸುವದರೊಳಗೆ ಏಳದಿದ್ದರೆ ವಾದವೇ ಇಲ್ಲ. ಆದರೆ ಇಬ್ಬರೂ ಮೂರು ಸುತ್ತು ಮುಗಿಯುವವರೆಗೆ ನಿಂತರೆಂದರೆ ಅವರ ಭಾಗ್ಯವು ಕಣದ ಬದಿಯಲ್ಲಿ ಕುಳಿತ ಐವರು ಪಂಚರ ಕೈಗೆ ಹೋಗುತ್ತದೆ. ಪ್ರತಿಯೊಂದು ಸುತ್ತಿನಲ್ಲಿ ಮೇಲಾದವನಿಗೆ 10 ಅಂಕ, ಮತ್ತೊಬ್ಬನಿಗೆ 9 ಅಥವಾ ಅದಕ್ಕೂ ಕಡಿಮೆ. ಯಾರ ಪೆಟ್ಟುಗಳು ತಕ್ಕ ಸ್ಥಾನದಲ್ಲಿ ಹೆಚ್ಚಾಗಿ ಬಿದ್ದವು, ಯಾರ ಕೌಶಲವು ಮೇಲಾಯಿತು, ಯಾರು ಹೆಚ್ಚು ಛಲದಿಂದ ಸೆಣಸಿದರು ಎಂಬಿವೇ ಅಳತೆಗೋಲುಗಳು. ಈ ಕೆಲಸವು ಸುಲಭವೆಂದು ನಾವು ಹೇಳುವದಿಲ್ಲ. ಒಬ್ಬ ಪಂಚನಿಗೆ ಕಂಡ ಪೆಟ್ಟು ಎದುರುಬದಿಯವನಿಗೆ ಬೆನ್ನಿನ ಮರೆಯಾಗಬಹುದು. ಪ್ರಾಮಾಣಿಕರಲ್ಲಿಯೂ ಮತಭೇದವು ಬರಬಹುದು. ಆದರೆ ಮತಭೇದವು ಬೇರೆ, ಅನ್ಯಾಯವು ಬೇರೆ. ಇವೆರಡರ ಅಂತರವನ್ನು ಲೋಕವು ಗುರುತಿಸುವ ಬಗೆ ಹೇಗೆ?

1988ರ ಸಿಯೋಲ್ ಒಲಿಂಪಿಕ್ ಕೂಟದ ಕೊನೆಯ ಹಣಾಹಣಿಯೊಂದರಲ್ಲಿ ಅಮೆರಿಕದ ರಾಯ್ ಜೋನ್ಸನು 86 ಪೆಟ್ಟುಗಳನ್ನು ಕೊಟ್ಟನೆಂದೂ ಕೊರಿಯದ ಪಾರ್ಕ್ ಸಿ-ಹುನನು 32 ಪೆಟ್ಟುಗಳನ್ನು ಕೊಟ್ಟನೆಂದೂ ದೂರದರ್ಶನದವರು ಎಣಿಸಿದರು. ಪಂಚರು ಮೂರಕ್ಕೆ ಎರಡು ಮತಗಳಿಂದ ಪಾರ್ಕನನ್ನು ಗೆಲ್ಲಿಸಿದರು. ಅದೇ ಕೂಟದ ಶ್ರೇಷ್ಠ ಮುಷ್ಟಿಪಟುವೆಂಬ ಮನ್ನಣೆಯು ಮಾತ್ರ ಸೋತ ಜೋನ್ಸನಿಗೆ ದೊರೆಯಿತು! ಲಂಚಕ್ಕೆ ಸಾಕ್ಷ್ಯವಿಲ್ಲವೆಂದು ಒಲಿಂಪಿಕ್ ಸಮಿತಿಯು 1997ರಲ್ಲಿ ನಿರ್ಣಯಿಸಿತು. ಹಾಗಾದರೆ ಆ ಮೂವರು ಕಂಡದ್ದೇನು? ಅದನ್ನು ಹೇಳಿರೆಂದು ನಿಯಮವು ಅವರನ್ನು ಕೇಳಲೇ ಇಲ್ಲ.

ಮನುಷ್ಯನನ್ನು ನಂಬಲಾಗದೆ 1992ರಲ್ಲಿ ಯಂತ್ರವನ್ನು ತಂದರು. ಐವರಲ್ಲಿ ಮೂವರು ಒಂದು ಸೆಕೆಂಡಿನೊಳಗೆ ಗುಂಡಿಯೊತ್ತಿದರೆ ಮಾತ್ರ ಪೆಟ್ಟು ಲೆಕ್ಕಕ್ಕೆ ಬರುವದು. ಇದರಿಂದ ಮುಖಕ್ಕೆ ನೇರವಾಗಿ ಬೀಳುವ ಒಂಟಿ ಪೆಟ್ಟಿಗೆ ಬೆಲೆ ಬಂದಿತು. ಪಕ್ಕೆಗೆ ಬಿದ್ದ ಪೆಟ್ಟು, ಮಿಂಚಿನಂತೆ ಒಂದರ ಹಿಂದೊಂದು ಬಿದ್ದ ಪೆಟ್ಟು ಗಾಳಿಗೆ ಹೋದವು. 2013ರಲ್ಲಿ ಆ ಯಂತ್ರವನ್ನು ಕೈಬಿಟ್ಟು ಹತ್ತು ಅಂಕಗಳ ಪದ್ಧತಿಯನ್ನು ಹಿಡಿದರು.

ಅದರ ಫಲವು 2016ರಲ್ಲಿ ರಿಯೋ ನಗರದಲ್ಲಿ ಕಂಡಿತು. ಐವರು ಅಂಕ ಕೊಟ್ಟರೂ ಗಣಕಯಂತ್ರವು ಆಯ್ದ ಮೂವರ ಅಂಕಗಳೇ ಎಣಿಕೆಗೆ ಬರುತ್ತಿದ್ದವು. ಐರ್ಲೆಂಡಿನ ಮೈಕೆಲ್ ಕಾನ್ಲನ್ ಸೋತನೆಂದು ತೀರ್ಪಾಯಿತು; ಗೆದ್ದ ರಷ್ಯದ ನಿಕಿಟಿನನು ಗಾಯಗಳ ದೆಸೆಯಿಂದ ಮುಂದಿನ ಪಂದ್ಯಕ್ಕೆ ಕಣಕ್ಕಿಳಿಯಲೇ ಇಲ್ಲ. ಆ ಕೂಟದಲ್ಲಿ ಫಲಿತಾಂಶಗಳನ್ನು ತಿರುಚುವ ಏರ್ಪಾಡು ಇದ್ದಿತೆಂದು ಮೆಕ್‌ಲಾರೆನ್ ಅವರ ತನಿಖೆಯು 2021ರಲ್ಲಿ ಹೊರಗೆಡವಿತು. ಅಳತೆಗೋಲನ್ನು ಎಷ್ಟು ಸಲ ಬದಲಿಸಿದರೇನು, ಅಳೆಯುವ ಕೈಯು ಮುಸುಕಿನೊಳಗೇ ಉಳಿದಿದ್ದರೆ!

ಟೋಕಿಯೋ ಕೂಟದಲ್ಲಿ ಐವರ ಅಂಕಗಳನ್ನೂ ಪ್ರತಿ ಸುತ್ತಿನ ತರುವಾಯ ತೋರಿಸಿದರು. ಇದು ಒಳ್ಳೆಯ ಹೆಜ್ಜೆ. ಆದರೂ 2021ರ ಆ ಕೂಟದಲ್ಲಿ ನಮ್ಮ ಮೇರಿ ಕೋಮ್ ಅವರು ಎರಡನೆಯ, ಮೂರನೆಯ ಸುತ್ತುಗಳಲ್ಲಿ ಹೆಚ್ಚಿನ ಪಂಚರ ಮತವನ್ನು ಪಡೆದೂ ಒಟ್ಟು ತೀರ್ಪಿನಲ್ಲಿ ಮೂರಕ್ಕೆ ಎರಡರಂತೆ ಸೋತರು. ಮೊದಲನೆಯ ಸುತ್ತಿನಲ್ಲಿ ನಾಲ್ವರು ಎದುರಾಳಿಯ ಕಡೆಗಿದ್ದುದರಿಂದ ಲೆಕ್ಕವೇನೋ ಸರಿಯಾಗಿಯೇ ಇದೆ. ಆದರೆ ಅಂಕವು ಎಷ್ಟೆಂಬುದನ್ನು ಹೇಳೀತೇ ಹೊರತು ಏಕೆಂಬುದನ್ನು ಹೇಳಲಾರದು. ನ್ಯಾಯಾಲಯದ ನ್ಯಾಯಾಧೀಶನು ಕಾರಣಗಳನ್ನು ಬರೆಯದೆ ಶಿಕ್ಷೆ ಕೊಟ್ಟರೆ ನಾವು ಸಹಿಸುವೆವೇ? ಪಂಚನೂ ತನ್ನ ತೀರ್ಪಿಗೆ ಎರಡು ಸಾಲಿನ ಕಾರಣವನ್ನು ತನ್ನ ಹೆಸರಿನೊಡನೆ ಬರೆದು ಪ್ರಕಟಿಸಲಿ. ಆಕ್ಷೇಪ ಬಂದರೆ ಚಿತ್ರಮುದ್ರಿಕೆಯನ್ನು ಮುಂದಿಟ್ಟು ಬೇರೆ ಪಂಚರು ಅದನ್ನು ಪರೀಕ್ಷಿಸಲಿ. ಇದೇ ನಮ್ಮ ಸ್ಪಷ್ಟಾಭಿಪ್ರಾಯ.

2014ರಲ್ಲಿ ಇಂಚಿಯಾನಿನಲ್ಲಿ ಮಣಿಪುರದ ಸರಿತಾದೇವಿಯವರು ಕಂಚಿನ ಪದಕವನ್ನು ಕೊರಳಿಗೆ ಹಾಕಿಕೊಳ್ಳದೆ ಕಣ್ಣೀರಿಟ್ಟಾಗ ದೇಶವೆಲ್ಲ ಮರುಗಿತು. ಅತ್ತವರಿಗೆ ಒಂದು ವರುಷದ ನಿಷೇಧವು ಬಂದಿತು. ಆ ಮರುಕವು ನ್ಯಾಯವಾದದ್ದೇ. ಆದರೆ ವಾಚಕರೇ, ನಮ್ಮವರು ಅನುಮಾನದ ತೀರ್ಪಿನಿಂದ ಗೆದ್ದಾಗಲೂ ನಾವು ಹೀಗೆಯೇ ಪ್ರಶ್ನಿಸುವೆವೇ? ಸೋತಾಗ ಮಾತ್ರ ಎಚ್ಚರಗೊಳ್ಳುವ ನ್ಯಾಯಬುದ್ಧಿಯು ಪಕ್ಷಪಾತದ ತಮ್ಮನೇ ಸರಿ.

ಈ ಮಾತಿಗೆ ಪಾರ್ಕ್ ಸಿ-ಹುನನೇ ಸಾಕ್ಷಿ. 2023ರಲ್ಲಿ, ಮೂವತ್ತೈದು ವರುಷಗಳ ತರುವಾಯ, ಅವನು ಅಮೆರಿಕದಲ್ಲಿರುವ ಜೋನ್ಸನ ಊರಿಗೆ ಹೋಗಿ ತನ್ನ ಚಿನ್ನದ ಪದಕವನ್ನು ಅವನ ಕೈಯಲ್ಲಿಟ್ಟನು. ಪಂಚರು ಕೊಡದ ನ್ಯಾಯವನ್ನು ಎದುರಾಳಿಯೇ ಕೊಡಬೇಕಾಯಿತು. ಅಷ್ಟು ಕಾಲ ಆ ಭಾರವನ್ನು ಗೆದ್ದವನೂ ಹೊತ್ತನು, ಸೋತವನೂ ಹೊತ್ತನು; ತೀರ್ಪು ಕೊಟ್ಟವರು ಮಾತ್ರ ಕಾರಣವೊಂದನ್ನೂ ಹೇಳದೆ ಎದ್ದುಹೋಗಿದ್ದರು.